ಸೋಮವಾರದ ಮೊಟ್ಟೆ

ಮರಡಿಹಟ್ಟಿಯ ವಾಟರ್‌ಮ್ಯಾನ್ ಪರಶುರಾಮನ ಮೇಲೆ ಊರಿಗೆ ಇದ್ದದ್ದು ಎರಡೇ ದೂರು. ನೀರು ಬಿಡುವುದನ್ನು ಮರೆಯುತ್ತಾನೆ ಎಂಬುದು ಒಂದು. ಬಿಟ್ಟ ನೀರನ್ನು ನಿಲ್ಲಿಸುವುದನ್ನೂ ಮರೆಯುತ್ತಾನೆ ಎಂಬುದು ಇನ್ನೊಂದು. ಎರಡನ್ನೂ ಅವನು ಒಪ್ಪಿಕೊಳ್ಳುತ್ತಿದ್ದ. ಮರೆವು ಕಲಾವಿದರ ಲಕ್ಷಣ ಎಂದು ಯಾರೋ ದೊಡ್ಡವರು ಹೇಳಿದ್ದರಂತೆ. ಯಾರು ಎಂದು ಕೇಳಿದರೆ ಅದನ್ನು ಮರೆತಿದ್ದ.

ಕಲಾವಿದ ಎಂದದ್ದು ಸುಮ್ಮನೆ ಅಲ್ಲ. ಬಿಳಿಚೋಡಿನಿಂದ ಒಳಕ್ಕೆ ಹೋದರೆ ಸಿಗುವ ಈ ಹಟ್ಟಿಯಲ್ಲಿ ಒಂದು ನಾಟಕ ತಂಡವಿದೆ, ಅದರಲ್ಲಿ ಪರಶುರಾಮನಿಗೊಂದು ಸ್ಥಾನವೂ ಇದೆ. ಮೊದಲು ಆಳುಮಗನ ಪಾರ್ಟು ಕೊಟ್ಟಿದ್ದರು. "ಬುದ್ಧೀ, ಪೊಲೀಸ್ನೋರು ಬಂದವ್ರೆ" ಎನ್ನುವುದೊಂದೇ ಮಾತು. ಅವನು ರಂಗದ ನಡುವೆ ಬಂದು ನಿಂತು, ಮಾತು ಮರೆತು, ಜನರನ್ನು ನೋಡಿ ನಕ್ಕು ವಾಪಸು ಹೋದ. ಪೊಲೀಸರು ಲಾಠಿ ಹಿಡಿದು ಪರದೆಯ ಹಿಂದೆ ಕಾದೇ ಕಾದರು. ಆ ವರ್ಷ ಖಳನಾಯಕ ಯಾವ ಶಿಕ್ಷೆಯೂ ಇಲ್ಲದೆ ಮಂಗಳ ಹಾಡಿಸಿಕೊಂಡು ಮನೆಗೆ ಹೋದ. ಅಂದಿನಿಂದ ಪರಶುರಾಮನಿಗೆ ಸಾಮಾನು ಹೊಂದಿಸುವ ಕೆಲಸ. ಕತ್ತಿ, ಕಿರೀಟ, ಟೆಲಿಫೋನು, ಶವ ಹೊರುವ ಚಟ್ಟ. ಕರಪತ್ರದಲ್ಲಿ ಅವನು ತನ್ನ ಹೆಸರಿನ ಮುಂದೆ "ಪರಿಕರ ನಿರ್ದೇಶಕರು" ಎಂದು ಅಚ್ಚು ಹಾಕಿಸಿಕೊಂಡ. ಬಹುವಚನವೂ ಅವನದೇ.

ಮನೆ ನಡೆಯುತ್ತಿದ್ದದ್ದು ಹೆಂಡತಿ ಉಷಾರಾಣಿಯಿಂದ. ಅವಳು ಊರಿನ ಅಂಗನವಾಡಿ ಟೀಚರು. ಅವಳ ಸಂಬಳ ಹೇಗೋ ತಿಂಗಳಿಗೊಮ್ಮೆ ಬರುತ್ತಿತ್ತು. ಪರಶುರಾಮನ ಸಂಬಳ ಪಂಚಾಯ್ತಿಯಿಂದ ಅವನು ನೀರು ಬಿಟ್ಟ ಹಾಗೆಯೇ ಬರುತ್ತಿತ್ತು, ನೆನಪಾದಾಗ.

ಈ ಸಲದ ನಾಟಕದಲ್ಲಿ ಒಬ್ಬ ಕ್ರೂರ ಸಾಹುಕಾರ. ಹಸಿದ ಆಳು ಕಾಲಿಗೆ ಬಿದ್ದು ಅಳುತ್ತಿರುವಾಗ ಅವನು ಕುರ್ಚಿಯಲ್ಲಿ ಕೂತು ಬೇಯಿಸಿದ ಮೊಟ್ಟೆಗಳನ್ನು ಒಂದೊಂದಾಗಿ ಸುಲಿದು ತಿನ್ನುತ್ತಾನೆ. ಹೆಂಗಸರು ಕಣ್ಣೊರೆಸಿಕೊಳ್ಳಬೇಕಾದ ಸೀನು ಅದೇ. ಸಾಹುಕಾರನ ಪಾರ್ಟು ತಿಪ್ಪೇರುದ್ರಸ್ವಾಮಿಯದು. ಮೀಸೆ ಅವನ ಸ್ವಂತದ್ದು, ಸಿಟ್ಟೂ ಸ್ವಂತದ್ದು. ತೊಡಕು ಒಂದೇ. ಧ್ವನಿವರ್ಧಕದವನು ಸೋಮವಾರ ಬಿಟ್ಟರೆ ಯಾವ ದಿನವೂ ಸಿಗಲಿಲ್ಲ.

ಸೋಮವಾರವೆಂದರೆ ಹಟ್ಟಿಯಲ್ಲಿ ಒಲೆಯ ಮೇಲೆ ಕೋಳಿಯಾಗಲಿ ಮೊಟ್ಟೆಯಾಗಲಿ ಏರುವಂತಿಲ್ಲ. ಮಿಕ್ಕ ದಿನಗಳಲ್ಲಿ ಯಾವ ಮನೆಯ ಕೋಳಿಗೂ ಜೀವದ ಭರವಸೆಯಿಲ್ಲ; ಸೋಮವಾರ ಮಾತ್ರ ಅವು ನಡುಬೀದಿಯಲ್ಲಿ ಎದೆಯೆತ್ತಿ ನಡೆಯುತ್ತವೆ. ಈ ಕಟ್ಟಿನ ಕಾವಲುಗಾರ್ತಿ ತಿಪ್ಪೇರುದ್ರಸ್ವಾಮಿಯ ತಾಯಿ ಗಾದ್ರಮ್ಮ. ಸೋಮವಾರ ಬೆಳಗಾದರೆ ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ನಡೆಯುತ್ತಾಳೆ. ಯಾರ ಮನೆಯೊಳಕ್ಕೂ ಹೋಗುವುದಿಲ್ಲ. ಮೂಗೇ ಸಾಕು. ಅಂಗನವಾಡಿಯಲ್ಲಿ ಸೋಮವಾರವೂ ಮೊಟ್ಟೆ ಬೇಯುತ್ತದೆ. ಮಕ್ಕಳಿಗೂ ಬಸುರಿಯರಿಗೂ ಕಟ್ಟಿಲ್ಲ ಎಂದು ಅವಳೇ ತೀರ್ಪು ಕೊಟ್ಟಿದ್ದರಿಂದ ಆ ಕಟ್ಟಡದ ಮುಂದೆ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟುತ್ತಾಳೆ.

"ಪರ್ಶು, ಸೋಮವಾರ ನಾನು ಮೊಟ್ಟೆ ತಿನ್ನಾಕೆ ಬರಾಕಿಲ್ಲ" ಎಂದ ತಿಪ್ಪೇರುದ್ರಸ್ವಾಮಿ.

"ತಿಂದಂಗೆ ನಟನೆ ಮಾಡಣ್ಣ."

"ಮುಂದ್ಲ ಸಾಲ್ನಾಗೆ ಜನ ಕುಂತಿರ್ತಾರಲೇ. ಗಂಟ್ಲಾಗೆ ಇಳಿಯಾದು ಕಾಣ್ಬೇಕು. ಬಾಯಿ ಆಡಿಸಿ ಎದ್ದೋದ್ರೆ ಸಾಹುಕಾರಂಗೆ ಹಲ್ಲುನೋವು ಅಂತಾರೆ."

ಪರಶುರಾಮ ಆಕಾಶ ನೋಡಿದ. ಅವನು ಆಕಾಶ ನೋಡಿದಾಗೆಲ್ಲ ಊರಿಗೆ ಏನಾದರೊಂದು ಆಗುತ್ತದೆ.

"ನೋಡಾಕೆ ಮೊಟ್ಟೆ, ತಿನ್ನಾಕೆ ಮೊಟ್ಟೆ ಅಲ್ಲ, ಅಂಥದ್ದು ಮಾಡಿಕೊಟ್ರೆ?"

"ಸಿಪ್ಪೆ?"

ಸಿಪ್ಪೆಯ ಪ್ರಶ್ನೆ ಗಾದ್ರಮ್ಮನ ಮುಂದೆ ಹೋಯಿತು. ಅವಳು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಸಿಪ್ಪೆ ಅಡ್ಡಿಯಿಲ್ಲ ಬಿಡು. ಸಿಪ್ಪೆ ಯಾರು ತಿಂತಾರೆ? ಒಳಗಿಂದು ಏನು ಹಾಕ್ತೀಯ?"

"ಹಾಲು, ಪುಟಾಣಿ ಹಿಟ್ಟು, ತುಪ್ಪ, ಅರಿಶಿನ."

"ಅಷ್ಟೇ ಆದ್ರೆ ದೇವ್ರಿಗೆ ಇಟ್ರೂ ನಡಿತೈತೆ" ಎಂದು ತೀರ್ಪಾಯಿತು. ನೋಡುವ ಜನಕ್ಕೆ ಗುಟ್ಟು ತಿಳಿದರೆ ಸಾಹುಕಾರನ ಮೇಲೆ ಸಿಟ್ಟು ಬರುವುದಿಲ್ಲವೆಂದು ವಿಷಯ ತಂಡದೊಳಗೇ ಇರಬೇಕೆಂದೂ ಆಯಿತು.

ಮುಂದಿನ ದಿನಗಳಲ್ಲಿ ಉಷಾರಾಣಿಯ ಅಡುಗೆಮನೆ ಅವಳ ಕೈತಪ್ಪಿತು. ಬಿಳಿಚೋಡಿನ ಎಗ್‌ರೈಸ್ ಗಾಡಿಯವನಿಗೆ ಪರಶುರಾಮ ಕೈಮುಗಿದು, ಮೊಟ್ಟೆಗಳನ್ನು ಅಗಲ ತುದಿಯಲ್ಲೇ ನಾಜೂಕಾಗಿ ಒಡೆಯಬೇಕೆಂದು ಒಪ್ಪಿಸಿ, ಖಾಲಿ ಚಿಪ್ಪುಗಳನ್ನು ಹತ್ತಿಯಲ್ಲಿ ಸುತ್ತಿ ತಂದ. ತೊಳೆದ, ಒಣಗಿಸಿದ. ಕೇಸರಿಬಾತಿನ ಪಾತ್ರೆಯಲ್ಲಿ ಹಾಲು ಕುದಿಸಿ ಚೈನಾ ಗ್ರಾಸ್ ಕರಗಿಸಿದ. ಅಂಗಡಿಯಲ್ಲಿ ಸಿಗುವ ಆ ಬಿಳಿ ಕಡ್ಡಿ ಬಿಸಿಯಲ್ಲಿ ಕರಗಿ, ಆರಿದ ಮೇಲೆ ಹಾಲನ್ನು ಗಟ್ಟಿ ಹಿಡಿಯುತ್ತದೆ. ಹುರಿಗಡಲೆಯ ಪುಟಾಣಿ ಹಿಟ್ಟಿಗೆ ತುಪ್ಪ ಅರಿಶಿನ ಕಲಸಿ ಹಳದಿ ಉಂಡೆ ಕಟ್ಟಿದ. ಚಿಪ್ಪಿನಲ್ಲಿ ಅರ್ಧ ಹಾಲು, ನಡುವೆ ಉಂಡೆ, ಮೇಲೆ ಮತ್ತೆ ಹಾಲು; ತೂತಿಗೆ ಚಿಪ್ಪಿನ ಚೂರಿಟ್ಟು ಮೈದಾ ಸುಣ್ಣ ಮೆತ್ತಿದ. ಮೊದಲನೆಯದು ಚಿಪ್ಪಿನೊಳಗೇ ಕೂತು ಹೊರಗೆ ಬರಲೊಲ್ಲೆನೆಂದಿತು. ಎರಡನೆಯದರಲ್ಲಿ ಹಳದಿ ತಳಕ್ಕೆ ಇಳಿದು ಅಸ್ತಮಿಸಿತು.

"ರೀ, ಬೆಳಗ್ಗೆ ಟೀಗೆ ಹಾಲಿಲ್ಲ, ಸಾರಿಗೆ ಅರಿಶಿನ ಇಲ್ಲ, ಬಾಂಡ್ಲಿ ತಳದಾಗೆ ಅದೇನೋ ರಬ್ಬರ್ ಅಂಟೈತೆ. ನಿಮಗೆ ವಾಲ್ ತಿರುಗಿಸಾದು ಒಂದು ನೆನಪಿರಾಕಿಲ್ಲ, ಮೊಟ್ಟೆ ಒಳಗಿನ ಹಳದಿ ನಡುಮಧ್ಯೆ ಬರ್ಬೇಕು ಅನ್ನಾದು ಮಾತ್ರ ನೆನಪೈತೆ!"

"ಕಲೆ ಅಂದ್ರೆ ನಡುಮಧ್ಯೆನೇ ಬರ್ಬೇಕು ಉಷಾ."

ಬಂತು. ಭಾನುವಾರ ಸಂಜೆಗೆ ಒಂದು ಟ್ರೇ ತುಂಬ ಬಂತು. ನಾಟಕಕ್ಕೆ ಬೇಕಾದದ್ದು ಐದಾರು. ಆದರೆ ಪರಿಕರ ನಿರ್ದೇಶಕರು ಸೀನಿಗೆ ಒಂದಷ್ಟು, ರಿಹರ್ಸಲ್ಲಿಗೆ ಒಂದಷ್ಟು, ಸಂತೋಷಕ್ಕೆ ಒಂದಷ್ಟು ಎಂದು ಮಾಡಿದ್ದರು. ಸುಲಿದರೆ ಬೇಯಿಸಿದ ಮೊಟ್ಟೆ. ಕೊಯ್ದರೆ ಹಳದಿ. ಬಾಯಿಗೆ ಹಾಕಿದರೆ ಹಾಲುಬಾಯಿಯಂಥ ತಿಂಡಿ. ಅದನ್ನು ಅವನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಪಕ್ಕದಲ್ಲೇ ಇನ್ನೊಂದು ಟ್ರೇ ಇತ್ತು, ಅಂಗನವಾಡಿಯ ಸರ್ಕಾರಿ ಮೊಟ್ಟೆ, ಹಸಿಯದು. ಅಂಗನವಾಡಿಯಲ್ಲಿ ಹೆಗ್ಗಣದ ಕಾಟವೆಂದು ಉಷಾರಾಣಿ ಮನೆಯಲ್ಲೇ ಇಡುತ್ತಿದ್ದಳು. ಎರಡೂ ಒಂದೇ ಬಗೆಯ ರಟ್ಟಿನ ಟ್ರೇ. ಪರಶುರಾಮ ಅಷ್ಟು ದಡ್ಡನಲ್ಲ. ಗುರುತಿಗೆಂದು ತನ್ನ ಟ್ರೇಗೆ ಕೆಂಪು ದಾರ ಕಟ್ಟಿದ. ಬೆಳಗ್ಗೆ ಉಷಾರಾಣಿ ಹೂ ಕಟ್ಟಲು ದಾರ ಹುಡುಕಿದಾಗ ಸಿಕ್ಕಿದ್ದು ಅದೇ.

ಆಮೇಲೆ ಆದದ್ದು ಸರಳ. ಅವಳು ಒಂದು ಟ್ರೇ ಎತ್ತಿಕೊಂಡು ಹೋದಳು. ಅವನು ಉಳಿದದ್ದನ್ನು ಎತ್ತಿಕೊಂಡು ಹೋಗಿ ತಿಪ್ಪೇರುದ್ರಸ್ವಾಮಿಯ ಜಗುಲಿಯಲ್ಲಿಟ್ಟು, ನೀರು ಬಿಡಲು ಟ್ಯಾಂಕಿನ ಕಡೆ ನಡೆದ.

ಅಂಗನವಾಡಿಯ ಸಹಾಯಕಿ ಕೆಂಪಕ್ಕ ಪಾತ್ರೆಗೆ ಮೊಟ್ಟೆ ಹಾಕಿ ಒಲೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ನೀರು ಬೆಳ್ಳಗಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಹಾಲಾಯಿತು. ಹಾಲಿನ ಮೇಲೆ ಹಳದಿ ಉಂಡೆಗಳು ಒಂದೊಂದಾಗಿ ಎದ್ದು ಬಂದು ತೇಲಿದವು.

"ಟೀಚರಮ್ಮಾ! ಮೊಟ್ಟೆ ಕರಗ್ತಾವೆ!"

ಹೆದರಿದ ಕೆಂಪಕ್ಕ ಟ್ರೇಯಲ್ಲಿ ಮಿಕ್ಕಿದ್ದರಲ್ಲಿ ಒಂದನ್ನು ಹಸಿಯೆಂದು ತಿಳಿದು ಒಡೆದಳು. ಒಳಗಿದ್ದದ್ದು ಗಟ್ಟಿ. "ಹಸೀದು ಬೆಂದೈತೆ, ಬೆಂದದ್ದು ಹಸಿ ಆಗೈತೆ! ಏನು ಕಾಲ ಬಂತಮ್ಮ!"

ಉಷಾರಾಣಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ದುರುಗೇಶ ನಿಂತಿದ್ದ. ದುರುಗೇಶ ಮೊಬೈಲಿನಲ್ಲೇ ಒಂದು ನ್ಯೂಸ್ ಚಾನಲ್ ನಡೆಸುತ್ತಾನೆ. ಸುದ್ದಿ ಅವನದೇ, ಚರ್ಚೆ ಅವನದೇ, ಕೊನೆಗೆ ತೀವ್ರ ಖಂಡನೆಯೂ ಅವನದೇ. ಮಗಳನ್ನು ಬಿಡಲು ಬಂದವನಿಗೆ ದೇವರೇ ಸುದ್ದಿ ಕೊಟ್ಟಂತಾಗಿತ್ತು.

"ವೀಕ್ಷಕರೇ, ನೋಡ್ತಾ ಇರಿ! ನಮ್ಮ ಕಂದಮ್ಮಗಳ ಬಾಯಿಗೆ ಪ್ಲಾಸ್ಟಿಕ್ ಮೊಟ್ಟೆ! ಬೇಯಿಸಿದರೆ ನೀರಾಗುವ ಮೊಟ್ಟೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಟೀಚರ್, ಇದಕ್ಕೆ ನಿಮ್ಮ ಉತ್ತರ ಏನು?"

ಉಷಾರಾಣಿ ಪಾತ್ರೆಗೆ ಮುಚ್ಚಳ ಹಾಕಿದಳು. ಗಂಡ ಮನೆಯಲ್ಲಿ ಮಾಡಿದ್ದು ಎಂದರೆ, ಹಾಗಾದರೆ ಸರ್ಕಾರಿ ಮೊಟ್ಟೆ ಎಲ್ಲಿ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಮೊದಲು ಆ ಟ್ರೇ ಕೈಗೆ ಬರಬೇಕು. ಅವಳು ಹಿತ್ತಲಿಗೆ ಹೋಗಿ ಫೋನು ಮಾಡಿದಳು.

"ರೀ, ನಿಮ್ಮ ಟ್ರೇ ಎಲ್ಲೈತೆ?"

"ತಿಪ್ಪೇರುದ್ರಣ್ಣನ ಮನೇಲಿ. ಯಾಕೆ?"

"ಅದು ನಿಮ್ಮದಲ್ಲ. ನಿಮ್ಮದು ಇಲ್ಲಿ ಕುದೀತೈತೆ. ಓಡ್ರಿ. ಒಂದೂ ಒಡೆಯಾಕೆ ಬಿಡಬ್ಯಾಡ್ರಿ."

ಪರಶುರಾಮ ವಾಲ್ವನ್ನು ಹಾಗೆಯೇ ಬಿಟ್ಟು ಓಡಿದ. ಹಾಗೆಯೇ ಎಂದರೆ ಮುಚ್ಚಿದ ಸ್ಥಿತಿಯಲ್ಲಿ.

ತಿಪ್ಪೇರುದ್ರಸ್ವಾಮಿಯ ಮನೆಯಿಂದ ಒಳ್ಳೆಯ ವಾಸನೆ ಬರುತ್ತಿತ್ತು. ಹಟ್ಟಿಯಲ್ಲಿ ಸೋಮವಾರ ಎಂದೂ ಬರಬಾರದ ವಾಸನೆ. ಜಗುಲಿಯಲ್ಲಿ ನಾಟಕ ತಂಡ ಪೂರ್ತಿ ಕೂತಿತ್ತು; ಎಲ್ಲರ ಕೈಯಲ್ಲೂ ತಟ್ಟೆ. ಪರಶುರಾಮನನ್ನು ಕಂಡದ್ದೇ ತಿಪ್ಪೇರುದ್ರಸ್ವಾಮಿ ಎದ್ದು ಬಂದು ಅಪ್ಪಿಕೊಂಡ.

"ಲೇ ಪರ್ಶು! ನಿನ್ನನ್ನ ನಾವು ಇಷ್ಟು ದಿನ ಏನಂತ ತಿಳಿದಿದ್ವೋ! ಒಂದು ಒಡೆದೆ ನೋಡು, ಒಳಗೆ ಬೆಂದಿರ್ಲಿಲ್ಲ. ನೀನು ಮರೆತಿದ್ದೀಯ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಲೋಳೆ ಲೋಳೆ, ನಡುಮಧ್ಯೆ ಹಳದಿ ಕಣ್ಣು! ಹಸಿ ಮೊಟ್ಟೆನೂ ಮಾಡ್ಬಿಟ್ಟಿದ್ದೀಯಲ್ಲೋ! ಬಾಯಿಗೆ ಸುರ್ಕೊಂಡೆ. ವಾಸನೆ ಸೈತ ಮೊಟ್ಟೇದೇ!"

"ಅಣ್ಣಾ, ಅದು..."

"ಸುಮ್ನಿರು, ಗುಟ್ಟು ಹೇಳಬ್ಯಾಡ. ಇಷ್ಟು ಒಳ್ಳೆ ಸಾಮಾನು ಕಂಡ ಮೇಲೆ ಬಾಂಡ್ಲಿಗೆ ಹಾಕಿ ನೋಡಾಣ ಅನ್ನಿಸ್ತು. ಏನು ಉಬ್ತು ಅಂತೀಯ! ಈರುಳ್ಳಿ ಹಾಕಿದ್ವಿ, ಮೆಣಸಿನಕಾಯಿ ಹಾಕಿದ್ವಿ. ಹುಟ್ಟಿದಾಗಿಂದ ಸೋಮವಾರ ಬಾಯಿ ಕಟ್ಟಿ ಕುಂತಿದ್ವಲ್ಲಪ್ಪ, ಇವತ್ತು ಎಲ್ಲಾರೂ ಹೊಟ್ಟೆ ತುಂಬ ತಿಂದ್ವಿ. ಅವ್ವನೂ ತಿಂದ್ಲು!"

ಬಾಗಿಲ ಮೂಲೆಯಲ್ಲಿ ಗಾದ್ರಮ್ಮ ತಟ್ಟೆ ಒರೆಸುತ್ತಿದ್ದಳು. "ಮೊದ್ಲು ನನ್ನ ಮೂಗು ಒಪ್ಪಲಿಲ್ಲ ಕಣೋ ಪರ್ಶು. ಮೊಟ್ಟೆನೇ, ಮೊಟ್ಟೆನೇ ಅಂತ ಹೇಳ್ತು. ಹಾಲು ಪುಟಾಣಿ ಅಂತ ನೀನು ಹೇಳಿದ್ದು ನೆನಪಾತು. ಮೂಗಿಗೆ ಬೈದು ಇನ್ನೊಂದು ಹಾಕಿಸ್ಕೊಂಡೆ."

ಊರನ್ನೇ ಕಾಯುತ್ತಿದ್ದ ಆ ಮೂಗು ತನ್ನ ಕಲೆಗೆ ಶರಣಾಯಿತೆಂದು ಪರಶುರಾಮನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಆಮೇಲೆ ಕಲೆ ತನ್ನದಲ್ಲ, ಯಾವುದೋ ಫಾರಂ ಕೋಳಿಯದೆಂಬುದು ನೆನಪಿಗೆ ಬಂತು. ಟ್ರೇ ನೋಡಿದ. ಅರ್ಧ ಖಾಲಿ. ಬಾಯಿ ತೆರೆದ. ಗಾದ್ರಮ್ಮ ಮುಖದಲ್ಲಿ ಎಂದೂ ಕಾಣದ ನಗೆಯಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದ. ಆಳುಮಗನ ಪಾರ್ಟಿನಲ್ಲಿ ಮಾಡಿದಂತೆಯೇ ನಕ್ಕು ವಾಪಸು ಹೊರಟ.

ಇಷ್ಟರಲ್ಲಿ ದುರುಗೇಶನ ವೀಡಿಯೋ ಜಗಳೂರು ದಾಟಿತ್ತು. ಉಷಾರಾಣಿಯ ತಂಗಿ ಶೈಲಾ ಸವಳಂಗದಿಂದ ಫೋನು ಮಾಡಿದಳು.

"ಅಕ್ಕಾ, ನಿಮ್ಮೂರಾಗೆ ಮೊಟ್ಟೆ ನೆಲಕ್ಕೆ ಹಾಕಿದ್ರೆ ಚೆಂಡಿನಂಗೆ ಎಗರ್ತಾವಂತೆ, ಹೌದಾ? ಇಲ್ಲಿ ನ್ಯಾಮತಿ ಬಸ್ಸಿನಾಗೆಲ್ಲ ಅದೇ ಮಾತು. ಒಂದೆರಡು ಎತ್ತಿಟ್ಟಿರು."

"ಯಾಕೆ?"

"ಹುಡುಗ್ರಿಗೆ ಆಡಾಕೆ."

ಚನ್ನಗಿರಿಯಲ್ಲಿದ್ದ ಸೋದರಮಾವ, ತಮ್ಮ ಕಡೆ ಮೊಟ್ಟೆಯಂಗಡಿಯವರು ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದಾರೆಂದೂ ಇದಕ್ಕೆಲ್ಲ ನಮ್ಮ ಉಷಾನೇ ಕಾರಣವೆಂದು ತಿಳಿದು ಕುಟುಂಬಕ್ಕೆ ಹೆಸರು ಬಂತೆಂದೂ ಹೇಳಿದರು. ಕೊನೆಗೆ ಸಾಸ್ವೆಹಳ್ಳಿಯಿಂದ ತಾಯಿ ಅಜ್ಜಮ್ಮ. ಹೊನ್ನಾಳಿಗೆ ಸಂತೆಗೆ ಹೋಗಿದ್ದವರು ಯಾರೋ ತಂದ ಸುದ್ದಿ ಅವಳ ಕಿವಿಗೆ ಬೀಳುವಷ್ಟರಲ್ಲಿ ಬಲಿತಿತ್ತು.

"ಮಗಾ, ಮೊಟ್ಟೆ ಅಲ್ವಂತೆ, ಕೋಳಿನೇ ಪ್ಲಾಸ್ಟಿಕ್ಕಂತೆ. ಕೆಲ್ಸ ಹೋದ್ರೆ ಹೋಗ್ಲಿ, ನೀನು ಬಂದುಬಿಡು. ಅಳಿಯಂದಿರು ನೀರು ಬಿಟ್ಕೊಂಡು ಅಲ್ಲೇ ಇರ್ಲಿ."

"ಅವ್ವಾ, ಫೋನು ಇಡು" ಎಂದಳು ಉಷಾರಾಣಿ. ಹೊರಗೆ ಸ್ಕೂಟಿ ನಿಂತ ಸದ್ದಾಗಿತ್ತು.

ಸೂಪರ್‌ವೈಸರ್ ಲಕ್ಷ್ಮಿದೇವಿ ಹೆಲ್ಮೆಟ್ ತೆಗೆಯದೆಯೇ ಒಳಗೆ ಬಂದರು. ದಾರಿಯುದ್ದಕ್ಕೂ ಮೇಲಿನ ಸಾಹೇಬರಿಂದ ಬೈಸಿಕೊಳ್ಳುತ್ತ ಬಂದ ಮುಖ ಅದರೊಳಗಿತ್ತು. ನೀರು ಬಾರದೆ ಖಾಲಿ ಕೊಡಗಳೊಂದಿಗೆ ಪರಶುರಾಮನನ್ನು ಹುಡುಕುತ್ತಿದ್ದ ಹೆಂಗಸರೆಲ್ಲ ಅಷ್ಟರಲ್ಲಿ ಅಂಗನವಾಡಿಯ ಮುಂದೆ ಸೇರಿದ್ದರು. ಸುದ್ದಿ ತಿಳಿದು ನಾಟಕ ತಂಡವೂ ಗಾದ್ರಮ್ಮನೂ ಬಂದರು. ಅವರ ಮರೆಯಲ್ಲಿ ಪರಶುರಾಮನೂ ಬಂದ.

"ಉಷಾರಾಣಿ, ಏನಮ್ಮ ಇದು? ಸಾಹೇಬರು ನಿನ್ನನ್ನ ಕೆಲಸದಿಂದ ತೆಗೆಯೋ ಮಾತಾಡ್ತಿದಾರೆ. ಸಪ್ಲೈದಾಗೆ ತಪ್ಪಾಗೈತಾ, ನಿನ್ನ ಕಡೆಯಿಂದಾನಾ? ಒಂದು ಹೇಳು."

ಉಷಾರಾಣಿ ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಅವರ ಮದುವೆಯಾದಂದಿನಿಂದ ಕೂಡಿಟ್ಟದ್ದೆಲ್ಲ ಇತ್ತು. ಪರಶುರಾಮ ಮುಂದೆ ಬಂದ.

"ಮೇಡಂ, ಆ ಮೊಟ್ಟೆ ಮಾಡಿದ್ದು ನಾನು."

"ಏನು? ಮೊಟ್ಟೆ ಮಾಡಿದ್ದು?"

"ನಾಟಕಕ್ಕೆ. ಹಾಲು, ಪುಟಾಣಿ ಹಿಟ್ಟು, ಚೈನಾ ಗ್ರಾಸ್..."

"ಕೇಳಿದ್ರಾ ವೀಕ್ಷಕರೇ!" ಎಂದು ದುರುಗೇಶ ಕೂಗಿದ. "ಚೈನಾ ಕೈವಾಡ! ಆರೋಪಿ ಬಾಯಿಬಿಟ್ಟಿದ್ದಾನೆ!"

"ಏಯ್, ಮೊಬೈಲ್ ಒಳಗಿಡ್ತೀಯಾ, ಇಲ್ಲ ಆ ಪಾತ್ರೆಗೆ ಹಾಕ್ಲಾ?" ಎಂದರು ಲಕ್ಷ್ಮಿದೇವಿ. ಮೊಬೈಲು ಒಳಗೆ ಹೋಯಿತು. "ಸರಿ, ಇದು ನೀವು ಮಾಡಿದ್ದು. ಹಾಗಾದ್ರೆ ಸರ್ಕಾರಿ ಮೊಟ್ಟೆ ಎಲ್ಲಿ?"

ಪರಶುರಾಮ ನಾಟಕ ತಂಡವನ್ನು ನೋಡಿದ. ತಂಡ ಅವನನ್ನು ನೋಡಿತು. ತಿಪ್ಪೇರುದ್ರಸ್ವಾಮಿಯ ಮೀಸೆ ನಿಧಾನವಾಗಿ ಕೆಳಗಿಳಿಯಿತು.

"ತಿಪ್ಪೇರುದ್ರಣ್ಣನ ಮನೇಲಿ ಅದಾವೆ ಮೇಡಂ. ಅರ್ಧ. ಇನ್ನರ್ಧ... ಆಮ್ಲೆಟ್ ಆಗೈತೆ."

ಹೆಂಗಸರ ಸೊಂಟದ ಖಾಲಿ ಕೊಡಗಳು ನೆಲಕ್ಕಿಳಿದವು. ಸೋಮವಾರ. ಗಾದ್ರಮ್ಮನ ಮನೆ. ಆಮ್ಲೆಟ್.

"ಥೂ ನಿನ್ನ!" ಎಂದು ಗಾದ್ರಮ್ಮ ಸೆರಗು ಬಿಗಿದಳು. "ಯಾವನೋ ಅನ್ನಾನು ನಾವು ಸೋಮವಾರ ಮೊಟ್ಟೆ ತಿಂದ್ವಿ ಅಂತ? ನಾವು ತಿಂದಿದ್ದು ಹಾಲು, ಪುಟಾಣಿ! ನೀನೇ ಮಾಡಿದ್ದು! ನನ್ನ ಮುಂದೇನೇ ಹೇಳಿದ್ದೆ!"

"ಹೌದು ಮೇಡಂ," ಎಂದ ತಿಪ್ಪೇರುದ್ರಸ್ವಾಮಿ, ಸಾಹುಕಾರನ ಧ್ವನಿಯಲ್ಲಿ. "ನಮ್ಮ ಮನೇದು ಪರಶುರಾಮನ ಮಾಲು. ಇಲ್ಲಿ ಕುದ್ದಿದ್ದು ಸರ್ಕಾರದ ಮಾಲು."

"ಸರ್ಕಾರ ಹಾಲು ತುಂಬಿದ ಮೊಟ್ಟೆ ಕಳಿಸ್ತೈತೇನ್ರಿ?"

"ಅದನ್ನ ನೀವೇ ಹೇಳ್ಬೇಕು ಮೇಡಂ."

ಲಕ್ಷ್ಮಿದೇವಿ ಈಗ ಹೆಲ್ಮೆಟ್ ತೆಗೆದರು. ತಿಪ್ಪೇರುದ್ರಸ್ವಾಮಿಯ ಮನೆಯಿಂದ ಅರ್ಧ ಖಾಲಿಯಾದ ಟ್ರೇ ತರಿಸಿದರು. ಕೆಂಪಕ್ಕ ಒಲೆಯ ಮೇಲೆ ಕಾವಲಿ ಇಟ್ಟಳು. ಆ ಟ್ರೇಯದೊಂದು ಮೊಟ್ಟೆ ಒಡೆದು ಬಿಟ್ಟರು. ಚರ್ರ್ ಎಂದಿತು, ಬೆಳ್ಳಗಾಯಿತು, ಗಟ್ಟಿಯಾಯಿತು. ಇನ್ನೊಂದು ಕಾವಲಿಗೆ ಪರಶುರಾಮನದೊಂದು ಸುಲಿದಿಟ್ಟರು. ಗಟ್ಟಿಯಾಗಿ ಕೂತದ್ದು ಕಾವು ತಾಗಿ ಬೆವೆತು, ಕರಗಿ, ಹಾಲಾಗಿ ಹರಿದು ನಡುವೆ ಒಂದು ಪುಟಾಣಿ ಉಂಡೆಯನ್ನು ಒಂಟಿಯಾಗಿ ಬಿಟ್ಟಿತು.

"ಈಗಾದ್ರೂ ಕಂಡಿತಾ? ಇದು ಕೋಳಿದು, ಇದು ಇವರದು."

ಜನ ಬಗ್ಗಿ ನೋಡಿತು. ಆಮೇಲೆ ತಿಪ್ಪೇರುದ್ರಸ್ವಾಮಿ ಗಂಟಲು ಸರಿಮಾಡಿಕೊಂಡ.

"ಎರಡೂ ಇವನ್ದೇ ಮೇಡಂ. ಇದು ಫಸ್ಟ್ ಕ್ವಾಲಿಟಿ, ಅದು ಸೆಕೆಂಡ್ ಕ್ವಾಲಿಟಿ."

"ಹೌದೌದು" ಎಂದಿತು ತಂಡ.

"ಏನ್ರಿ ಪರಶುರಾಮ್, ನಿಮಗೆ ಕೋಳಿ ಇಟ್ಟಂಥ ಮೊಟ್ಟೆ ಮಾಡಾಕೆ ಬರ್ತೈತಾ?"

ಅವನ ಜೀವನದಲ್ಲಿ ಊರಿಗೆ ಊರೇ ಅವನ ಕಲೆಯನ್ನು ಹೊಗಳಿದ್ದು ಅದೇ ಮೊದಲು. ಹೌದೆಂದರೆ ಹಟ್ಟಿಯ ಮಾನ ಉಳಿಯುತ್ತದೆ. ಪರಿಕರ ನಿರ್ದೇಶಕರ ಹೆಸರು ಬೆಳೆಯುತ್ತದೆ. ಹೆಂಡತಿಯ ಕೆಲಸ ಹೋಗುತ್ತದೆ. ಅವನು ಉಷಾರಾಣಿಯನ್ನು ನೋಡಿದ. ಅವಳು ಬಾಗಿಲಿಗೆ ಒರಗಿ, ಮೂಗು ಸೋರಿಸುತ್ತಿದ್ದ ಒಂದು ಮಗುವನ್ನು ಸೊಂಟಕ್ಕೇರಿಸಿಕೊಂಡು, ಅಳುವುದಿಲ್ಲವೆಂದು ತೀರ್ಮಾನ ಮಾಡಿದ ಮುಖದಲ್ಲಿ ನಿಂತಿದ್ದಳು.

"ಬರಾಕಿಲ್ಲ ಮೇಡಂ" ಎಂದ ಪರಶುರಾಮ. "ನನಗೆ ಹಳದಿ ನಡುಮಧ್ಯೆ ಕೂರಿಸಾಕೇ ಒಂದು ವಾರ ಬೇಕಾತು. ಲೋಳೆ ಮಾಡಾಕೆ ಈ ಜನ್ಮದಾಗೆ ಆಗಾಕಿಲ್ಲ."

ತಂಡ ತಲೆ ತಗ್ಗಿಸಿತು. ಆದರೆ ಒಪ್ಪಲಿಲ್ಲ. ತಲೆ ತಗ್ಗಿಸುವುದು ಬೇರೆ, ಒಪ್ಪುವುದು ಬೇರೆ.

ಲಕ್ಷ್ಮಿದೇವಿ ಅರ್ಧ ಖಾಲಿ ಟ್ರೇಯನ್ನು ಮೇಜಿನ ಮೇಲಿಟ್ಟರು.

"ಕೇಳ್ರಿ ಎಲ್ಲಾರೂ. ಈ ಖಾಲಿ ಗುಂಡಿ ಮಕ್ಕಳದು. ಅಂಗಡಿಯಿಂದ ತಂದು ತುಂಬಿಸಿದ್ರೆ ಟೀಚರ್ ಕದ್ದು ತಿಂದು ಮುಚ್ಚಿ ಹಾಕಿದ್ಲು ಅಂತ ಸಾಹೇಬರು ಅಂತಾರೆ. ತಿಂದೋರು ತಿಂದ್ವಿ ಅನ್ಬೇಕು, ಆಗ ಅದು ಅದಲುಬದಲು ಅಂತ ಆಗ್ತೈತೆ. ಬಾಯಾಗೆ ಹೇಳಾಕೆ ನಾಚಿಕೆ ಅಂದ್ರೆ ಹೇಳಬ್ಯಾಡ್ರಿ. ನಿಮ್ಮ ಮನೆ ನಾಟಿ ಕೋಳಿ ಮೊಟ್ಟೆ ತಂದು ಇದ್ರಾಗೆ ಇಡ್ರಿ. ಅಂಗಡೀದು ಯಾವುದು, ನಾಟಿ ಯಾವುದು ಅಂತ ನನಗೂ ಗೊತ್ತಾಗ್ತೈತೆ. ಅದನ್ನೇ ನಿಮ್ಮ ಹೇಳಿಕೆ ಅಂತ ತಿಳ್ಕೊಂತೀನಿ. ನಾಳೆ ಬರ್ತೀನಿ. ಟ್ರೇ ಹಿಂಗೇ ಇದ್ರೆ ಉಷಾರಾಣಿ ಹೆಸರು ಮೇಲಕ್ಕೆ ಹೋಗ್ತೈತೆ. ಆಮೇಲೆ ನನ್ನ ಕೈಯಾಗಿಲ್ಲ."

ಸ್ಕೂಟಿ ಹೋಯಿತು. ಜನ ಕರಗಿತು. ನಾಟಕವನ್ನು ಮುಂದಿನ ಸೋಮವಾರಕ್ಕೆ ಹಾಕಿದರು. ಸಾಹುಕಾರನಿಗೆ ಹೊಟ್ಟೆ ಸರಿಯಿಲ್ಲವೆಂದು ಧ್ವನಿವರ್ಧಕದವನಿಗೆ ಹೇಳಿದರು. ಅದು ಪೂರ್ತಿ ಸುಳ್ಳೂ ಅಲ್ಲ.

"ನಾನು ಮನೆಮನೆಗೆ ಹೋಗಿ ಕೈಕಾಲು ಹಿಡಿತೀನಿ" ಎಂದ ಪರಶುರಾಮ.

"ಬ್ಯಾಡ. ನೀವು ಹೋದ್ರೆ ಕೊಡಾಣ ಅನ್ನೋರೂ ಕೊಡಾಕಿಲ್ಲ. ನಾನೂ ಯಾರ ಬಾಗಿಲಿಗೂ ಹೋಗಾಕಿಲ್ಲ. ಇವರ ಮಕ್ಕಳ ಮೂಗು ಒರೆಸಿದ್ದು ನಾನು, ಇವರ ಸೊಸೆದೀರಿಗೆ ಮಾತ್ರೆ ನುಂಗಿಸಿದ್ದು ನಾನು. ಅಷ್ಟು ನೆನಪಿದ್ರೆ ಬರ್ಲಿ, ಇಲ್ಲಾಂದ್ರೆ ಸಾಸ್ವೆಹಳ್ಳಿ ಬಸ್ಸು ನನಗೂ ಗೊತ್ತೈತೆ."

ಮಂಗಳವಾರ ಬೆಳಗ್ಗೆ ಅವಳು ಟ್ರೇಯನ್ನು ಅಂಗನವಾಡಿಯ ಕಿಟಕಿಯ ಹೊರಗಟ್ಟೆಯ ಮೇಲಿಟ್ಟಳು. ಆಮೇಲೆ ಕಿಟಕಿಗೆ ಬೆನ್ನು ಮಾಡಿ ಮಕ್ಕಳಿಗೆ ಬಣ್ಣಗಳ ಹೆಸರು ಹೇಳಿಕೊಡುತ್ತ ಕೂತಳು. ಪರಶುರಾಮ ಬಾಗಿಲಲ್ಲಿ ಕತ್ತು ಉದ್ದ ಮಾಡಿ ನಿಂತಿದ್ದ.

"ರೀ, ಅತ್ತ ಕಡೆ ತಿರುಗ್ರಿ. ಕಣ್ಣು ಕಂಡ್ರೆ ಯಾರು ಇಡ್ತಾರೆ?"

ಅವನು ತಿರುಗಿದ. ತಿರುಗಿದ ಮೇಲೆ ಕಿವಿಗಳಷ್ಟೇ ಉಳಿದವು. ಬಹಳ ಹೊತ್ತು ಏನೂ ಇಲ್ಲ. ಬೀದಿಯಲ್ಲಿ ಒಂದು ಎತ್ತಿನ ಗಂಟೆ, ಒಂದು ಬೈಕು. ಮಕ್ಕಳು ಕೆಂಪು ಎಂದರು, ಹಸಿರು ಎಂದರು. ಉಷಾರಾಣಿಯ ಧ್ವನಿ ಹಳದಿಗೆ ಬಂದಾಗ ಸ್ವಲ್ಪ ತಡೆಯಿತು. ಆಗ ಕಿಟಕಿಯ ಹಿಂದೆ ಒಂದು ಬಳೆ ಸದ್ದಾಯಿತು. ರಟ್ಟಿನ ಮೇಲೆ ಏನೋ ಮೆಲ್ಲಗೆ ಕೂತಿತು. ಸ್ವಲ್ಪ ಹೊತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವವರ ಹೆಜ್ಜೆ. ಆಮೇಲೆ ಮೀಸೆಗೆ ಹಚ್ಚುವ ಎಣ್ಣೆಯ ವಾಸನೆಯೊಂದು ಬಂದು ನಿಂತು, ನಿಟ್ಟುಸಿರು ಬಿಟ್ಟು ಹೋಯಿತು. ಆಮೇಲೆ ಇನ್ನೂ ಬಳೆ, ಇನ್ನೂ ಹೆಜ್ಜೆ. ಒಬ್ಬರು ಕೆಮ್ಮಿದರು, ಕೆಮ್ಮಿದ್ದಕ್ಕೆ ಇನ್ನೊಬ್ಬರು "ಶ್!" ಎಂದರು. ಕೆಂಪಕ್ಕ ಒಲೆಯ ಬಳಿಯಿಂದ ಎದ್ದು, ಸೀರೆಯ ಗಂಟು ಬಿಚ್ಚುತ್ತ, ಸುಮ್ಮನೆ ಹೊರಗೆ ಹೋಗಿ ಸುಮ್ಮನೆ ಬಂದಳು.

"ನೀನ್ಯಾಕೆ ಹೋದೆ ಕೆಂಪಕ್ಕ? ನಿನ್ನೆ ನೀನು ಇಲ್ಲೇ ಇದ್ಯಲ್ಲ?"

"ನಿನ್ನೇದಲ್ಲ ಟೀಚರಮ್ಮ, ಹಳೇದು" ಎಂದು ಕೆಂಪಕ್ಕ ಒಲೆ ಊದತೊಡಗಿದಳು.

ಲಕ್ಷ್ಮಿದೇವಿಯ ಸ್ಕೂಟಿ ಬಂದಾಗ ಜನರೂ ಬಂದರು. ತಂಡದವರು ತಮಗೇನೂ ಗೊತ್ತಿಲ್ಲದವರಂತೆ ದೂರ ದೂರ ನಿಂತರು. ಗಾದ್ರಮ್ಮ ಎಲ್ಲರಿಗಿಂತ ಮುಂದೆ, ಸೆರಗು ಹೊದ್ದು, ನಿನ್ನೆಯ ಮಾತಿಗೆ ಇಂದೂ ಬದ್ಧಳೆಂಬ ಮುಖದಲ್ಲಿ ನಿಂತಳು. ಉಷಾರಾಣಿ ಕಿಟಕಿಯ ಕಡೆ ತಿರುಗಿದಳು.

ಟ್ರೇ ಕಾಣಲಿಲ್ಲ. ಮೊಟ್ಟೆ ಕಂಡವು. ಖಾಲಿ ಗುಂಡಿಗಳೆಲ್ಲ ತುಂಬಿ, ತುಂಬಿದವುಗಳ ಸಂದಿನಲ್ಲಿ ಮತ್ತೊಂದು ವರಸೆ ಕೂತು, ಅದರ ಮೇಲೆ ಇನ್ನಷ್ಟು ಏರಿ, ಜಾಗ ಸಾಲದೆ ಕಿಟಕಿಕಟ್ಟೆಯುದ್ದಕ್ಕೂ ಹರಡಿದ್ದವು. ಸಣ್ಣವು, ಕಂದು ಬಣ್ಣದವು, ಹೇಂಟೆಯ ಕಾವು ಇನ್ನೂ ಆರದವು. ಒಂದು ಪುಟ್ಟ ಬುಟ್ಟಿಯೂ ಇತ್ತು, ತುಂಬಿದ್ದು. ಎರಡು ಬಾತುಕೋಳಿಯ ಮೊಟ್ಟೆಗಳೂ ಇದ್ದವು.

ಲಕ್ಷ್ಮಿದೇವಿ ಒಂದನ್ನೆತ್ತಿ ತಿರುಗಿಸಿ ನೋಡಿ ವಾಪಸಿಟ್ಟರು. ಬರುತ್ತಿದ್ದ ನಗುವನ್ನು ತುಟಿಯಲ್ಲೇ ತಡೆದರು.

"ಉಷಾರಾಣಿ, ನಿನ್ನ ಕೆಲಸಕ್ಕೇನೂ ತೊಂದ್ರೆಯಿಲ್ಲ ಬಿಡು. ಆದ್ರೆ ನಿನ್ನೆ ಖಾಲಿ ಇದ್ದದ್ದು ಅರ್ಧ ಟ್ರೇ ಅಲ್ವಾ?"

ಪರಶುರಾಮ ಬೆರಳು ಮಡಚತೊಡಗಿದ. "ತಂಡದಾಗೆ ನಾವು..."

"ಎಣಿಸಬ್ಯಾಡ್ರಿ" ಎಂದಳು ಉಷಾರಾಣಿ.

ಆದರೆ ಗಾದ್ರಮ್ಮ ಆಗಲೇ ಮುಂದೆ ನುಗ್ಗಿದ್ದಳು. ಆ ರಾಶಿಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ತಿರುಗಿ ತನ್ನ ಬೀದಿಯ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಒಬ್ಬೊಬ್ಬರಾಗಿ ಅವರ ಕಣ್ಣು ನೆಲಕ್ಕೆ ಹೋಯಿತು. ಅವಳ ಧ್ವನಿ ಬಿಳಿಚೋಡಿನವರೆಗೂ ಕೇಳಿರಬೇಕು.

"ನಾನೂ ನನ್ನ ಮಗನ ತಂಡದೋರೂ ತಿಂದಿದ್ದು ಬರೀ ಅರ್ಧ ಟ್ರೇ ಕಣ್ರೋ! ಮಿಕ್ಕಿದ್ದೆಲ್ಲ ಯಾವ್ಯಾವ ಸೋಮವಾರದ್ದು?"